ಕಾಸರಗೋಡಿನ ಕಡೆ ಹಳೆಯ ಮನೆ ಕೊಳ್ಳುವ ಮುನ್ನ, ಕೋಣೆಗಳಿಗೆ ಕರೆಂಟ್ ಹಂಚುವ ಡಿಬಿ ಬಾಕ್ಸ್‌ನಲ್ಲಿ ಏನು ನೋಡಬೇಕು?

ಮೊದಲು ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಮೇಲಿನ ಅಂಕಿ, ಅದರಿಂದ ಹೊರಡುವ ತಂತಿಯ ದಪ್ಪ ಎರಡನ್ನೂ ತಾಳೆ ನೋಡಿ. ಎಂಸಿಬಿ ಇರುವುದು ತಂತಿಯನ್ನು ರಕ್ಷಿಸಲು. 1.5 ಚದರ ಮಿಮೀ ತಂತಿಗೆ 6 ಅಥವಾ 10 ಆಂಪಿಯರ್, 2.5ಕ್ಕೆ 16, ಗೀಸರ್, ಎಸಿಯ 4 ಚದರ ಮಿಮೀ ತಂತಿಗೆ 20 ಸರಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರಾದರೂ 1.5ರ ತಂತಿಗೆ 32ರ ಎಂಸಿಬಿ ಕೂರಿಸಿದ್ದರೆ, ಗೋಡೆಯೊಳಗೆ ತಂತಿ ಕಾದು ಹೊದಿಕೆ ಕರಗಿದರೂ ಎಂಸಿಬಿ ಬೀಳದೆ (ಆಫ್ ಆಗದೆ) ಇರಬಹುದು. ಬೆಂಕಿ ಹತ್ತುವುದು ಹೀಗೆಯೇ. ತಂತಿಯ ಅಳತೆ ಹೊದಿಕೆಯ ಮೇಲೆ ಅಚ್ಚಾಗಿರುತ್ತದೆ.

ಮುಚ್ಚಳ ಬಿಚ್ಚುವುದು ಲೈಸೆನ್ಸ್ ಇರುವ ವಯರ್‌ಮನ್‌ನ ಕೆಲಸ. ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ಕ್ರೂ ಬುಡದಲ್ಲಿ ಹೊದಿಕೆ ಕಂದಾಗಿದ್ದರೆ ಅಲ್ಲಿ ಜೋಡಣೆ ಸಡಿಲ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದ್ದರೆ ತೇವ ಮತ್ತು ಕಡಲ ಗಾಳಿಯ ಉಪ್ಪು ಒಳಗೆ ಸೇರಿದೆ.

ಶಾಕ್‌ನಿಂದ ಜೀವ ಉಳಿಸುವುದು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಅದರ 'ಟಿ' ಗುಂಡಿ ಒತ್ತಿದ ಕೂಡಲೇ ಬೀಳಬೇಕು. ಆದರೆ ಅರ್ಥಿಂಗ್ ಇಲ್ಲದಿದ್ದರೂ ಆ ಗುಂಡಿ ಕೆಲಸ ಮಾಡುತ್ತದೆ, ಹಾಗಾಗಿ ಅರ್ಥಿಂಗನ್ನು ಅರ್ಥ್ ಮೀಟರ್‌ನಿಂದ ಬೇರೆಯಾಗಿ ಅಳೆಸಿ. ಅದರ ರೋಧ 5 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಮಳೆಗಾಲದ ಅಳತೆಯನ್ನು ನಂಬಿ ಕೂರಬೇಡಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್ ಹೊತ್ತಿಗೆ ಒಣಗಿ, ಅದೇ ಅರ್ಥಿಂಗ್ ಹೊಂಡದ ಓಮ್ ಏರಿರುತ್ತದೆ.