ಮಣಿ ಪೋಣಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ತುಮಕೂರಿಗೆ ನನ್ನ ಕೈಗೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು "ಸರ ಕಿತ್ತುಹೋಯಿತು" ಅನ್ನುವ ದೂರು. ಹಾಗಾಗಿ ದಾರದ ಮಾತಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ಸೊಸೆಗೆ ಅಂತ 6 ಮಿಲಿಮೀಟರಿನ ಹಸಿರು ಗಾಜಿನ ಮಣಿಯ ಸರ ಮಾಡಿಕೊಟ್ಟಿದ್ದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕಿತ್ತುಹೋಗಿ ಮಣಿಯೆಲ್ಲ ನೆಲದ ಪಾಲಾಯಿತು. ಹೊಲಿಗೆ ದಾರವನ್ನೇ ಎರಡೆಳೆ ಮಾಡಿ ಹಾಕಿದ್ದೆ. ಯಾವ ದಾರ ತಗೊಳ್ಳಲಿ? (ಗೃಹಿಣಿ, ಗುಬ್ಬಿ)

ಉತ್ತರ: ನಾಲ್ಕೆಳೆ ಹಾಕಿದ್ದರೂ ಅದು ಕೀಳುತ್ತಿತ್ತಮ್ಮ. ಗಾಜಿನ ಮಣಿಯ ತೂತಿನ ಅಂಚನ್ನು ಉಗುರಿನಲ್ಲಿ ಸವರಿ ನೋಡಿ. ಚೂಪಾಗಿರುತ್ತದೆ. ಹಾಕಿಕೊಂಡವರು ಕತ್ತು ತಿರುಗಿಸಿದಾಗೆಲ್ಲ ಆ ಅಂಚು ದಾರವನ್ನು ತೇಯುತ್ತಲೇ ಇರುತ್ತದೆ. ಹತ್ತಿಯ ದಾರ ಬೆವರು ಕುಡಿದು ಇನ್ನೂ ಬೇಗ ಸೋಲುತ್ತದೆ.

ನಿಮ್ಮ ಸರಕ್ಕೆ ಬೇಕಾದದ್ದು ಗೇರ್ ವೈರ್. ಸಣ್ಣ ಸಣ್ಣ ಉಕ್ಕಿನ ಎಳೆಗಳ ಮೇಲೆ ನೈಲಾನ್ ಹೊದಿಸಿದ ತಂತಿ ಇದು. ನಮ್ಮ ಎಂ.ಜಿ. ರಸ್ತೆಯ ಫ್ಯಾನ್ಸಿ ಸ್ಟೋರುಗಳಲ್ಲಿ ಕೇಳಿ ನೋಡಿ. ಬೆಂಗಳೂರಿಗೆ ಹೋಗುವವರಿದ್ದರೆ ಮಾಮೂಲ್‌ಪೇಟೆಯಿಂದ ತರಿಸಿಕೊಳ್ಳಿ. ಈ ತಂತಿಗೆ ಗಂಟು ನಿಲ್ಲುವುದಿಲ್ಲ. ಗೇರ್ ಲಾಕ್ ಅಂತ ಸಾಸಿವೆಯಷ್ಟು ಸಣ್ಣ ಲೋಹದ ಮಣಿ ಬರುತ್ತದೆ. ತಂತಿಯನ್ನು ಅದರೊಳಗೆ ತೂರಿಸಿ, ಕೊಂಡಿಗೆ ಸುತ್ತಿ, ಮತ್ತೆ ಅದೇ ಲಾಕಿನೊಳಗೆ ವಾಪಸ್ ತಂದು, ನೋಸ್ ಪ್ಲೈಯರಿನಲ್ಲಿ ಒತ್ತಿಬಿಡಿ. ಉಳಿದ ತುದಿಯನ್ನು ಕೂಡಲೇ ಕತ್ತರಿಸಬೇಡಿ. ಎರಡು ಮೂರು ಮಣಿಯೊಳಗೆ ಹಿಂದಕ್ಕೆ ತೂರಿಸಿ ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಕತ್ತಿನ ಹಿಂದೆ ಚುಚ್ಚುತ್ತದೆ.

ಬಹಳ ಜನ ಮರೆಯುವ ಮಾತು ಇನ್ನೊಂದಿದೆ. ಸರವನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಮಣಿ ಸ್ವಲ್ಪ ಆಚೀಚೆ ಜರುಗುವಷ್ಟು, ಅಂದರೆ ಎರಡು ಮೂರು ಮಿಲಿಮೀಟರು ಸಡಿಲ ಬಿಡಿ. ಬಿಗಿಯಾದ ಸರ ಬಾಗುವಾಗ ಎಲ್ಲ ಭಾರ ಲಾಕಿನ ಮೇಲೆ ಬೀಳುತ್ತದೆ. ನೈಲಾನ್ ದಾರದಲ್ಲಿ ಪೋಣಿಸುವವರು ಕೊನೆಯ ಗಂಟು ಹಾಕುವ ಮೊದಲು ಸರವನ್ನು ಒಂದು ರಾತ್ರಿ ಮೊಳೆಗೆ ತೂಗುಹಾಕಿ. ದಾರ ಎಷ್ಟು ಹಿಗ್ಗಬೇಕೋ ಅಷ್ಟು ಹಿಗ್ಗಲಿ. ಬೆಳಗ್ಗೆ ಗಂಟು ಹಾಕಿದರೆ ಆಮೇಲೆ ಮಧ್ಯದಲ್ಲಿ ದಾರ ಇಣುಕುವುದಿಲ್ಲ. ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಿಕ್ಕೂ ಆಗುವುದಿಲ್ಲ, ಬೇಗ ಸವೆಯುವುದೂ ಇಲ್ಲ.

ನನ್ನ ಜಗಲಿಗೆ ಕಲಿಯಲು ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅಗ್ಗದ ಮಣಿ ತನ್ನಿ, ಅಗ್ಗದ ದಾರ ತರಬೇಡಿ. ಬೇಸರವಾದರೆ ಮಣಿ ಬದಲಾಯಿಸಬಹುದು. ನಡು ಬೀದಿಯಲ್ಲಿ ಕಿತ್ತುಹೋದರೆ ಚೆಲ್ಲಿದ ಮಣಿ ಅಷ್ಟೂ ವಾಪಸ್ ಸಿಗುತ್ತದಾ?

ಪ್ರಶ್ನೆ: ಅಂಗಡಿಯಲ್ಲಿ ಸಣ್ಣ ಮಣಿ ಪೊಟ್ಟಣದ ಮೇಲೆ 11/0, 8/0 ಅಂತ ಇರುತ್ತದೆ. ಏನು ಲೆಕ್ಕ ಮೇಡಂ? 16 ಇಂಚಿನ ಸರಕ್ಕೆ ಎಷ್ಟು ಮಣಿ ಬೇಕು? (ವಿದ್ಯಾರ್ಥಿನಿ, ಶಿರಾ)

ಉತ್ತರ: ಅಂಕಿ ದೊಡ್ಡದಾದಷ್ಟೂ ಮಣಿ ಸಣ್ಣದು. 11/0 ಅಂದರೆ ಸುಮಾರು 2 ಮಿಲಿಮೀಟರು, 8/0 ಸುಮಾರು 3, 6/0 ಸುಮಾರು 4. ಗುಂಡು ಮಣಿಯಾದರೆ ಲೆಕ್ಕ ಸುಲಭ. ಒಂದು ಇಂಚಿಗೆ 25 ಮಿಲಿಮೀಟರು ಚಿಲ್ಲರೆ. 16 ಇಂಚಿಗೆ 4 ಮಿಲಿಮೀಟರಿನ ಮಣಿ ನೂರರ ಮೇಲೆ, 6ರದ್ದು 68, 8ರದ್ದು 51 ಹಿಡಿಯುತ್ತದೆ. ಕೊಂಡಿಯ ಉದ್ದ ಕಳೆಯಿರಿ, ಒಡೆದ ಮಣಿಗೆ ಅಂತ ನಾಲ್ಕೈದು ಜಾಸ್ತಿ ತನ್ನಿ.

ಸುಮ್ನೆ ಪೋಣಿಸುವುದಕ್ಕೆ ನಮ್ಮ ದೇಶದ ಮಣಿಗಳೇ ಚೆಂದ. ಒಂದು ದಪ್ಪ, ಒಂದು ತೆಳು ಇದ್ದರೂ ಸರಕ್ಕೆ ಜೀವ ಬರುತ್ತದೆ. ಸೂಜಿಯಲ್ಲಿ ಬಟ್ಟೆಯ ಹಾಗೆ ಹೆಣೆದು ಪಟ್ಟಿ ಮಾಡುವುದಾದರೆ ಮಾತ್ರ ಎಲ್ಲ ಒಂದೇ ಅಳತೆಯ ಜಪಾನಿನ ಮಿಯುಕಿ, ತೊಹೊ ಮಣಿ ಬೇಕಾಗುತ್ತದೆ. ಅವು ದುಬಾರಿ. ಅವಸರ ಬೇಡ, ಕೈ ಕುದುರಲಿ.

ನೀವು ತಿರುಪತಿ, ಕಾಳಹಸ್ತಿ ಕಡೆ ಹೋಗಿರಬಹುದು, ಅಲ್ವಾ? ಅಲ್ಲೇ ಹತ್ತಿರ ಪಾಪಾನಾಯ್ಡುಪೇಟೆ ಅಂತ ಊರಿದೆ. ಕುಲುಮೆಯಲ್ಲಿ ಕರಗಿದ ಗಾಜನ್ನು ಉದ್ದುದ್ದ ಕೊಳವೆಯಾಗಿ ಎಳೆದು, ಕತ್ತರಿಸಿ ಸಣ್ಣ ಮಣಿ ಮಾಡುವ ಕಸುಬು ಆ ಊರಿನದು. ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಸುಮಾರು 2000 ವರ್ಷದ ಹಿಂದೆಯೇ ಇಂಥ ಮಣಿ ಮಾಡುತ್ತಿದ್ದರು. ಅಂಥ ಮಣಿಗಳು ಸಮುದ್ರ ದಾಟಿ ಆಗ್ನೇಯ ಏಷ್ಯಾದವರೆಗೆ ಹೋಗಿವೆ. ಸಾಸರಿನಿಂದ ಸೂಜಿಗೆ ಒಂದೊಂದೇ ಮಣಿ ಎತ್ತಿಕೊಳ್ಳುವಾಗ ಈ ವಿಷಯ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಪ್ರಶ್ನೆ: ನಮ್ಮಮ್ಮನ ಹವಳದ ಸರದ ದಾರ ಕಪ್ಪಗಾಗಿದೆ. ನಿಂಬೆಹಣ್ಣು ಹಾಕಿ ತೊಳೆದು ನಾನೇ ಪೋಣಿಸಬಹುದೇ? (ತಿಪಟೂರು)

ಉತ್ತರ: ನಿಂಬೆ, ಹುಣಿಸೆ, ವಿನೆಗರ್ ಯಾವುದನ್ನೂ ಹತ್ತಿರ ತರಬೇಡಿ. ಹವಳ, ಮುತ್ತು ಎರಡೂ ಸುಣ್ಣದ ಜಾತಿ. ಹುಳಿ ಅವುಗಳನ್ನು ತಿಂದುಹಾಕುತ್ತದೆ, ಹೋದ ಹೊಳಪು ಮತ್ತೆ ಬರುವುದಿಲ್ಲ. ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪೋಣಿಸುವ ಕೆಲಸ ಧಾರಾಳವಾಗಿ ಮಾಡಿ. ದಾರ ಕತ್ತರಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಳೆಯ ಸರಗಳಲ್ಲಿ ಮಧ್ಯಕ್ಕೆ ದಪ್ಪ ಮಣಿ, ತುದಿಗೆ ಹೋಗುತ್ತ ಸಣ್ಣ ಮಣಿ ಇರುತ್ತದೆ. ಟವೆಲ್ ಮಡಚಿ ಅದರ ಮೇಲೆ ಅದೇ ಸಾಲಿನಲ್ಲಿ ಜೋಡಿಸಿಕೊಳ್ಳಿ. ರೇಷ್ಮೆ ದಾರ ತಗೊಂಡು ಪ್ರತಿ ಮಣಿಯ ನಡುವೆ ಒಂದು ಗಂಟು ಹಾಕಿ. ಮಣಿಗೆ ಮಣಿ ಉಜ್ಜುವುದಿಲ್ಲ. ಒಂದು ವೇಳೆ ಕಿತ್ತರೂ ಬೀಳುವುದು ಒಂದೇ ಮಣಿ. ಪೇಟೆಯಲ್ಲಿ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಸರ ಪೋಣಿಸುವವರ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಗಂಟನ್ನು ಮಣಿಯ ಬುಡಕ್ಕೆ ಹೇಗೆ ತಳ್ಳುತ್ತಾರೆ ಅನ್ನುವುದು ಬರೆದು ತಿಳಿಸುವ ವಿಷಯ ಅಲ್ಲ. ತಾಳಿಯ ಕರಿಮಣಿಯಾದರೆ ಮಾತ್ರ ಮನೆಯ ಹಿರಿಯರನ್ನು ಕೇಳಿ ಮುಟ್ಟಿ. ಒಂದೊಂದು ಮನೆಗೆ ಒಂದೊಂದು ಪದ್ಧತಿ ಇರುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಬೇಲಿಯಿಂದ ಗುಲಗಂಜಿ ಆರಿಸಿ ತಂದಿದ್ದಾರೆ. ತೂತು ಮಾಡಿ ಬಳೆ ಮಾಡಿಸೋಣ ಅಂದುಕೊಂಡಿದ್ದೇನೆ. (ಶಿಕ್ಷಕಿ, ಪಾವಗಡ)

ಉತ್ತರ: ದಯವಿಟ್ಟು ಬೇಡ ಟೀಚರ್. ಹಿಂದೆ ಚಿನ್ನ ತೂಗುತ್ತಿದ್ದ ಬೀಜ ಅನ್ನುವುದು ನಿಜ, ನೋಡಲು ಮುದ್ದಾಗಿದೆ ಅನ್ನುವುದೂ ನಿಜ. ಆದರೆ ಅದರೊಳಗೆ ಅಬ್ರಿನ್ ಅನ್ನುವ ಕಡು ವಿಷ ಇದೆ. ಗಟ್ಟಿ ಸಿಪ್ಪೆ ಇಡಿಯಾಗಿದ್ದಾಗ ವಿಷ ಹೊರಗೆ ಬರುವುದು ಕಷ್ಟ. ತೂತು ಮಾಡಿದರೆ ಆ ಕಾವಲು ಹೋಯಿತು. ಮಗು ಒಂದು ಬೀಜವನ್ನು ಅಗಿದು ನುಂಗಿದರೂ ಜೀವಕ್ಕೆ ಅಪಾಯ. ಯಾರಾದರೂ ನುಂಗಿದ್ದು ಗೊತ್ತಾದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಂದಿರುವುದನ್ನೆಲ್ಲ ಇವತ್ತೇ ವಾಪಸ್ ಪಡೆದು, ಮಕ್ಕಳ ಕೈ ತೊಳೆಸಿ.

ಅವರಿಗೆ ಕಾಗದದ ಮಣಿ ಹೇಳಿಕೊಡಿ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಒಂದು ಇಂಚು ಬುಡ, ಎಂಟು ಹತ್ತು ಇಂಚು ಉದ್ದದ ತ್ರಿಕೋನಗಳಾಗಿ ಕತ್ತರಿಸಿ. ತೆಂಗಿನ ಪೊರಕೆ ಕಡ್ಡಿಗೆ ಬುಡದಿಂದ ಬಿಗಿಯಾಗಿ ಸುತ್ತಿ, ತುದಿಗೆ ಫೆವಿಕಾಲ್ ಹಚ್ಚಿ, ಕಡ್ಡಿ ಎಳೆದುಕೊಂಡರೆ ಮಣಿ ಸಿದ್ಧ. ಮೇಲೆ ಒಂದು ಕೈ ವಾರ್ನಿಶ್. ಸ್ವಲ್ಪ ದುಡ್ಡಿದ್ದರೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ತರಿಸಿ, ಮಕ್ಕಳ ಕೈಗೆ ಹಗುರ. ಅದಕ್ಕೆ ಸೆಂಟು, ಸ್ಯಾನಿಟೈಸರ್ ತಾಗದಿರಲಿ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಮೂರು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಯಾವ ಮಣಿಯೂ ಸಿಗದಂತೆ ಮಕ್ಕಳಿಗೆ ತಿಳಿಸಿ ಹೇಳಿ.

ಪ್ರಶ್ನೆ: ನಾನು ಮಾಡಿದ ಓಲೆ ಹಾಕಿಕೊಂಡರೆ ಕಿವಿ ಕೆರೆಯುತ್ತದೆ. (ಕೊರಟಗೆರೆ)

ಉತ್ತರ: ಮಣಿಯಿಂದಲ್ಲ, ಕೊಕ್ಕೆಯಿಂದ. ಅಗ್ಗದ ಕೊಕ್ಕೆಯ ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೆಳ್ಳಿಯ ಕೊಕ್ಕೆ ಹಾಕಿ ನೋಡಿ.

ಪ್ರಶ್ನೆ: ಅಕ್ಕಪಕ್ಕದವರು ಸರ ಮಾಡಿಕೊಡು ಅಂತಾರೆ. ದುಡ್ಡು ಕೇಳಲು ಸಂಕೋಚ. ಎಷ್ಟು ಕೇಳಲಿ ಅಕ್ಕಾ? (ಮಧುಗಿರಿ)

ಉತ್ತರ: ಸಂಕೋಚ ಯಾಕಮ್ಮ? ಮಣಿಗೆ 140 ರೂಪಾಯಿ, ವೈರ್, ಲಾಕ್, ಕೊಂಡಿಗೆ 40 ಆಯಿತು ಅಂದುಕೊಳ್ಳಿ. ಬಹಳ ಹೆಣ್ಣುಮಕ್ಕಳು 200 ಹೇಳಿ ಸುಮ್ಮನಾಗುತ್ತಾರೆ. ಮೂರು ಗಂಟೆ ಕಣ್ಣು ಕೀಲಿಸಿ ಕೂತದ್ದಕ್ಕೆ 20 ರೂಪಾಯಿ! ಗಂಟೆಗೆ 80 ಹಿಡಿದರೂ ಆ ಸರ 420 ಆಗುತ್ತದೆ. ಅಷ್ಟು ಕೇಳಿ. ತಂಗಿಗೆ, ಗೆಳತಿಗೆ ಪ್ರೀತಿಯಿಂದ ಸುಮ್ನೆ ಕೊಡುವುದಾದರೆ ಪೂರ್ತಿ ಸುಮ್ನೆ ಕೊಡಿ. ಅರ್ಧ ಬೆಲೆ ಅನ್ನುವುದು ಬೇಡ, ಮುಂದಿನವರೂ ಅದನ್ನೇ ಕೇಳುತ್ತಾರೆ. ಮಾರಿದ ಸರದ ಜೊತೆ ಅದೇ ಬಣ್ಣದ ನಾಲ್ಕು ಮಣಿ, ಎರಡು ಗೇರ್ ಲಾಕ್ ಸಣ್ಣ ಕವರಿನಲ್ಲಿ ಹಾಕಿಕೊಡಿ. ಕಿತ್ತರೆ ಮೊದಲ ಸಲ ನೀವೇ ದುಡ್ಡಿಲ್ಲದೆ ಪೋಣಿಸಿಕೊಡುವುದಾಗಿ ಹೇಳಿ ಕಳಿಸಿ.