ರವಿವಾರ ಚರ್ಚಿಗೆ ಹೋಗೂದಷ್ಟ ಅಲ್ರಿ

ನಿಮ್ಮ ಆಫೀಸಿನ ಕ್ರೈಸ್ತ ಗೆಳ್ಯಾ ಲಂಚ ಮುಟ್ಟಂಗಿಲ್ಲ, ಬೈದವರ ಜೋಡಿನೂ ಮರುದಿನ ತಾನಾಗೇ ಮಾತಾಡ್ತಾನ, ಇದು ಸ್ವಭಾವನೋ ಧರ್ಮನೋ ಅಂತ ಕೇಳೀರಿ. ನಾ ಗದಗ ಪಕ್ಕದ ಬೆಟಗೇರಿಯವ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಾಗ ಧಾರವಾಡಕ್ಕ, 1841ರಾಗ ನಮ್ಮೂರಿಗೆ ಬಂದ್ರಲ್ಲ, ನಮ್ಮ ಮನಿತನ ಅವರು ಕಟ್ಟಿದ ಚರ್ಚಿನ ಸಭೆದ್ದು, ನನಗ ತಿಳಿದಷ್ಟು ಹೇಳ್ತೀನ್ರಿ.

ಬೈಬಲ್‌ನ ಮೊದಲನೇ ಅಧ್ಯಾಯದಾಗನ ದೇವರು ಮನುಷ್ಯಾನ್ನ ತನ್ನ ಸ್ವರೂಪದಾಗ ಮಾಡಿದ ಅಂತ ಐತಿ, ಅದನ್ನ ಖರೇ ನಂಬಿದ್ರ ಗಟಾರ ಬಳಿಯೋನ್ನ ಸಾವ್ಕಾರನ್ನ ಬ್ಯಾರೆ ಬ್ಯಾರೆ ಕಣ್ಣಿಂದ ನೋಡಾಕ ಬರಂಗಿಲ್ಲ. ಅದರ ಜೋಡಿ ಪಾಪ ಎಲ್ಲಾರೊಳಗೂ ಐತಿ, ನನ್ನೊಳಗೂ ಐತಿ, ಯೇಸು ಶಿಲುಬಿ ಮ್ಯಾಲೆ ಸತ್ತದ್ದು ನನಗೋಸ್ಕರನೂ ಹೌದು ಅನ್ನೂದು. ಕ್ಷಮಾ ಅಲ್ಲಿಂದ ಬರ್ತೈತ್ರಿ. ನಮ್ಮವ್ವ ಹೊಲದ ಜಗಳದಾಗ ಹನ್ನೆರಡು ವರ್ಷ ಮಾತು ಬಿಟ್ಟ ಅಣ್ಣನ ಮನಿಗೆ ಕ್ರಿಸ್‌ಮಸ್ ಹಿಂದಿನ ದಿನ ತಾನಾ ಕರ್ಚಿಕಾಯಿ ತಗೊಂಡು ಹೋದ್ಲು, ಹೊಲ ತಿರುಗಿ ಸಿಗಲಿಲ್ಲ, ಆದ್ರೂ ಹೋದ್ಲು, ನನಗ ಆವಾಗ ಭಾಳ ಸಿಟ್ಟು ಬಂದಿತ್ತು.

ಇನ್ನ ಪರಲೋಕದ ಆಶಾ ಇರೋರು ಈ ಲೋಕ ಮರೀತಾರ ಅಂತಾರಲ್ಲ, ಅದನ್ನ ನಾ ಒಪ್ಪಂಗಿಲ್ರಿ. ಇಲ್ಲಿ ಸಾಲಿ ತೆಗೆದ ಮಿಶನ್ನಿನವರು, 1894ರಾಗ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಅದ ಮಿಶನ್ನಿನ ಕಿಟೆಲ್ ಅವರು, ಎಲ್ಲಾ ಅದ ಆಶಾದಾಗ ದುಡಿದವರು.

ಎಲ್ಲಾ ಕ್ರೈಸ್ತರೂ ಹಿಂಗ ಇರ್ತಾರ ಅಂತಲ್ಲ. ನಿಮ್ಮ ಗೆಳ್ಯಾನ್ನ ಒಮ್ಮೆ ಚಾ ಕುಡಿಯುವಾಗ ನೇರ ಕೇಳ್ರಿ, ಬ್ಯಾಸರ ಮಾಡ್ಕೊಳ್ಳಂಗಿಲ್ಲ ಅವ.