ಹಸಿರು ದೀಪ ಬಂದರೂ ಬ್ಯಾಂಕ್ ತೆರೆಯೋಲ್ಲ ಅಂದ ತಂಗಿಗೆ

ತಂಗೀ, ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ಬಹುವಚನ ಬಿಟ್ಟೆ. ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಮೂರು ವಾರ ಆಯ್ತು, ಡೆಸ್ಕ್‌ಟಾಪಿಗೆ ವಿಪಿಎನ್ (ನಮ್ಮ ಇಂಟರ್ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಕಳಿಸೋ ವ್ಯವಸ್ಥೆ) ಹಾಕಿ ‘ಇಂಡಿಯಾ’ ಆರಿಸಿದರೆ ಹಸಿರು ದೀಪ ಬರುತ್ತೆ, ಆದರೆ ಹಾಸ್ಟೆಲಿನಲ್ಲಿ ಎಷ್ಟೋ ಸಲ ಯಾವ ಸೈಟೂ ತೆರೆಯೋಲ್ಲ, ತೆರೆದ ದಿನವೂ ಊರಿನ ಬ್ಯಾಂಕ್ ಒಳಗೆ ಬಿಡೋಲ್ಲ ಅಂತ ಬರೆದಿದ್ದೀಯ. ಜೊತೆಗೆ ಜಾಕೆಟ್ಟು, ಅಕ್ಕಿ ಊರಿಂದ ತರಿಸಲಾ ಅಂತಲೂ ಕೇಳಿದ್ದೀಯ. ಜಾಕೆಟ್ ಇಲ್ಲೇ ತಗೋ. ಸೋನಾ ಮಸೂರಿ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಸಿಗುತ್ತೆ, ಉಪ್ಪಿನಕಾಯಿ ಮಾತ್ರ ಮನೆಯಿಂದ ತರಿಸು.

ಈಗ ದೀಪದ ವಿಷಯ. ವೈರ್‌ಗಾರ್ಡ್ ಅನ್ನೋ ವಿಪಿಎನ್ ತಂತ್ರಾಂಶ ಬಳಸ್ತಿದ್ದೀಯ ಅಂದೆ. ಅದು ‘ಆಕ್ಟಿವ್’ ಅನ್ನೋದನ್ನು ನಂಬಬೇಡ. ಆ ಕಡೆಯಿಂದ ಉತ್ತರ ಬರದಿದ್ದರೂ ಹಸಿರಾಗೇ ಇರುತ್ತೆ. ಅಲ್ಲೇ ಕೆಳಗೆ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ (ಆ ಕಡೆಯ ಸರ್ವರ್ ಕೊನೆಯದಾಗಿ ಕೈಕುಲುಕಿದ ಹೊತ್ತು) ಅನ್ನೋ ಸಾಲು ಇದೆಯಾ ನೋಡು. ಇಲ್ಲ ಅಂದ್ರೆ ಸಂಪರ್ಕವೇ ಆಗಿಲ್ಲ. ಆಗ ಮೊಬೈಲ್ ಹಾಟ್‌ಸ್ಪಾಟಿನಿಂದ ಒಮ್ಮೆ ನೋಡು. ಅದರಲ್ಲಿ ನಡೆದರೆ ತಪ್ಪು ನಿನ್ನದಲ್ಲ, ಹಾಸ್ಟೆಲ್ ವೈಫೈ ಬಹುಶಃ ಯುಡಿಪಿಯನ್ನು (ಇಂಟರ್ನೆಟ್ಟಿನಲ್ಲಿ ಡೇಟಾ ಕಳಿಸೋ ಒಂದು ಬಗೆ) ತಡೀತಿದೆ ಅಂತ ಅರ್ಥ. ವೈರ್‌ಗಾರ್ಡಿಗೆ ಯುಡಿಪಿ ಬಿಟ್ಟು ಬೇರೆ ದಾರಿ ಗೊತ್ತಿಲ್ಲ. ನಿನ್ನ ವಿಪಿಎನ್‌ನವರು ಓಪನ್‌ವಿಪಿಎನ್ ಅನ್ನೋ ಇನ್ನೊಂದು ಬಗೆಯನ್ನೂ ಕೊಡ್ತಿದ್ದರೆ ಅದನ್ನು ಟಿಸಿಪಿ (ಯುಡಿಪಿಯಂಥದೇ ಇನ್ನೊಂದು ದಾರಿ) 443ನೇ ಪೋರ್ಟಿನಲ್ಲಿ ಹಾಕು. ಸಾಮಾನ್ಯ ವೆಬ್‌ಸೈಟುಗಳು ಹೋಗುವ ಬಾಗಿಲೇ ಅದು, ಸುಲಭಕ್ಕೆ ಮುಚ್ಚೋಲ್ಲ. ಆಗ ಕಂಪ್ಯೂಟರಿನ ತಾರೀಖು, ಗಂಟೆ ಸರಿ ಇದೆಯಾ ನೋಡು. ತಾರೀಖು ತಪ್ಪಿದ್ದರೆ ಸರ್ವರ್ ತೋರಿಸುವ ಗುರುತುಪತ್ರವನ್ನು, ಅಂದ್ರೆ ಸರ್ಟಿಫಿಕೇಟನ್ನು, ಒಪ್ಪೋಲ್ಲ.

ಹ್ಯಾಂಡ್‌ಶೇಕ್ ಇದೆ, ಆದರೂ ಪುಟ ತೆರೆಯೋಲ್ಲ ಅಂದ್ರೆ 1.1.1.1 ಅನ್ನೋ ಸಂಖ್ಯಾ-ವಿಳಾಸಕ್ಕೆ ಪಿಂಗ್ ಮಾಡು, ಅಂದ್ರೆ ಉತ್ತರ ಬರುತ್ತಾ ಅಂತ ಒಂದು ಚಿಕ್ಕ ಸಂದೇಶ ಕಳಿಸಿ ನೋಡು. ಅದು ಹೋಗಿ ಹೆಸರಿನ ಸೈಟ್ ಮಾತ್ರ ಹೋಗದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಸಂಖ್ಯೆ ಹುಡುಕಿಕೊಡೋ ವ್ಯವಸ್ಥೆ) ತೊಂದರೆ. ಚಿಕ್ಕ ಪುಟ ಬಂದು ದೊಡ್ಡದು ಅರ್ಧಕ್ಕೇ ನಿಂತರೆ ಸೆಟ್ಟಿಂಗ್ಸಿನ ಎಂಟಿಯು (ಒಂದು ಸಲಕ್ಕೆ ಕಳಿಸೋ ಡೇಟಾ ತುಂಡಿನ ಗರಿಷ್ಠ ಗಾತ್ರ) 1420 ಇರೋದನ್ನು 1280ಕ್ಕೆ ಇಳಿಸಿ ನೋಡು. ಯೂನಿವರ್ಸಿಟಿಯ ವಿಪಿಎನ್ ಲೈಬ್ರರಿಗೆ ಬೇಕಾಗಬಹುದು, ಆದರೆ ಎರಡನ್ನೂ ಒಟ್ಟಿಗೆ ಓಡಿಸಬೇಡ, ಒಂದರ ದಾರಿ ಇನ್ನೊಂದು ಕಿತ್ಕೊಳ್ಳುತ್ತೆ. ಟೊರೆಂಟಿನಲ್ಲಿ ಸಿನಿಮಾ ಇಳಿಸೋದನ್ನಂತೂ ಮುಟ್ಟಲೇಬೇಡ. ಇಲ್ಲಿ ವಕೀಲರ ಕಾಗದ ಮನೆಗೇ ಬರುತ್ತೆ, ನೂರಾರು ಯೂರೋ ಕೇಳ್ತಾರೆ.

ಇನ್ನು ಬ್ಯಾಂಕ್. ನೀನು ಆರಿಸಿದ ‘ಇಂಡಿಯಾ’ ಇಂಡಿಯಾದಲ್ಲಿ ಇರಲೇಬೇಕು ಅಂತಿಲ್ಲ. 2022ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ (ಇಂಟರ್ನೆಟ್ಟಿನಲ್ಲಿ ಯಂತ್ರದ ಸಂಖ್ಯಾ-ವಿಳಾಸ) ಎಲ್ಲ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಅಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಈಗ ಇಂಡಿಯಾದ ಐಪಿ ಕೊಡೋ ಯಂತ್ರ ಸಿಂಗಾಪುರದಲ್ಲೋ ಲಂಡನ್ನಿನಲ್ಲೋ ಕೂತಿರಬಹುದು. ಆ ಒಂದೇ ಐಪಿಯಲ್ಲಿ ನೂರಾರು ಜನ. ಬ್ಯಾಂಕಿನವರಿಗೆ ಅನುಮಾನ ಬರದೆ ಇರುತ್ತಾ? ಬ್ಯಾಂಕಿಗೆ ಹೋಗುವಾಗ ವಿಪಿಎನ್ ಆಫ್ ಮಾಡು. ಜರ್ಮನಿಯ ಐಪಿಯಿಂದಲೇ ತೆರೆಯುವ ಬ್ಯಾಂಕುಗಳು ಬೇಕಾದಷ್ಟಿವೆ.

ಇದನ್ನು ನಾನು ಕಲಿತ ರೀತಿ ಹೇಳಿಬಿಡ್ತೀನಿ. ತೀರ್ಥಹಳ್ಳಿಯಿಂದ ನಾನು ಜರ್ಮನಿಗೆ ಬಂದಿದ್ದು 2014ರ ನವೆಂಬರಿನಲ್ಲಿ. ಮಾರನೇ ವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್. ಫೋನ್ ಮಾಡಿ, ‘ನಲವತ್ತು ಸಾವಿರ ಆಗ್ತದಾ ನೋಡು’ ಅಂದರು. ಅಪ್ಪ ನನ್ನ ಹತ್ತಿರ ದುಡ್ಡು ಕೇಳಿದ್ದು ಅದೇ ಮೊದಲು. ನನ್ನ ಊರಿನ ಖಾತೆಯಲ್ಲಿ ಅದಕ್ಕಿಂತ ಜಾಸ್ತಿನೇ ಇತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಸೈಟ್ ನಿಧಾನ ಅನ್ನಿಸಿತು. ಇಂಡಿಯಾ ಅಂತ ತೋರಿಸಿದರೆ ಬೇಗ ಬಿಡ್ತಾರೆ ಅಂತ ಯಾವುದೋ ಪುಕ್ಕಟೆ ವಿಪಿಎನ್ ಹಾಕಿ ಮತ್ತೆ ಲಾಗಿನ್ ಆದೆ. ಐದು ನಿಮಿಷದ ಹಿಂದೆ ಜರ್ಮನಿ, ಈಗ ಇನ್ನೆಲ್ಲೋ. ಖಾತೆ ಲಾಕ್ ಆಯ್ತು. ಬಿಡಿಸೋಕೆ ಒಟಿಪಿ ಬೇಕು. ಒಟಿಪಿ ಹೋಗೋದು ಊರಿನ ಸಿಮ್‌ಗೆ. ಆ ಸಿಮ್ ಸುಮ್ನೆ ಪೆಟ್ಟಿಗೆಯಲ್ಲಿ ಬಿದ್ದು ಸತ್ತು ತಿಂಗಳುಗಳೇ ಆಗಿದ್ದವು. ಬ್ಯಾಂಕಿಗೆ ಫೋನ್ ಮಾಡಿದರೆ ಖುದ್ದಾಗಿ ಬನ್ನಿ ಅಂದರು.

ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಟ್ಟು ಆಪರೇಷನ್ ಮುಗಿಸಿದರು. ನನಗೆ ಗೊತ್ತಾಗಿದ್ದು ನಾನು ಊರಿಗೆ ಹೋದಾಗ. ಬಳೆ ಬಿಡಿಸಿಕೊಟ್ಟೆ, ಅದೇನೋ ಆಯ್ತು. ಆದರೆ ಅಪ್ಪ ಆಮೇಲೆ ಇವತ್ತಿನವರೆಗೂ ನನ್ನನ್ನು ಏನೂ ಕೇಳಿಲ್ಲ. ‘ನಿನಗೆ ಅಲ್ಲಿ ಕಷ್ಟ ಅಲ್ವಾ’ ಅಂತಾರೆ. ಕಷ್ಟ ಇರಲಿಲ್ಲ ಅಂತ ಹೇಗೆ ಹೇಳಲಿ?

ಅದಕ್ಕೇ ವಿಪಿಎನ್‌ಗಿಂತ ಮೊದಲು ಸಿಮ್ ನೋಡು. 90 ದಿನ ಬಳಸದೆ, ಬ್ಯಾಲೆನ್ಸ್ 20 ರೂಪಾಯಿಗಿಂತ ಕಡಿಮೆ ಇದ್ದರೆ ನಂಬರ್ ಹೋಗಬಹುದು. ರೀಚಾರ್ಜ್ ಮಾಡಿಸೋದನ್ನು ಮನೆಯಲ್ಲಿ ಒಬ್ಬರಿಗೆ ವಹಿಸು, ರೋಮಿಂಗ್‌ನಲ್ಲಿ ಮೆಸೇಜ್ ಬರುತ್ತಾ ಅಂತ ಈಗಲೇ ನೋಡ್ಕೋ. ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿ ಇರುವವರ ರೂಪಾಯಿ ಖಾತೆ) ಮಾಡಿಸುವ ಅರ್ಜಿಯನ್ನೂ ಮುಂದೂಡಬೇಡ.

ಇಷ್ಟಾದರೂ ಹ್ಯಾಂಡ್‌ಶೇಕ್ ಬರದಿದ್ದರೆ ವೈರ್‌ಗಾರ್ಡಿನ ಕಾನ್ಫಿಗ್ ಫೈಲ್ (ಸೆಟ್ಟಿಂಗ್ಸ್ ಬರೆದಿರೋ ಫೈಲು) ಕಳಿಸು, ಭಾನುವಾರ ನೋಡ್ತೀನಿ. ಅದರಲ್ಲಿ ‘ಪ್ರೈವೇಟ್ ಕೀ’ ಅಂತ ಒಂದು ಸಾಲು ಇರುತ್ತೆ, ನಿನ್ನ ಗುಟ್ಟಿನ ಕೀಲಿ. ಅದನ್ನು ಅಳಿಸಿ ಕಳಿಸು, ಅಕ್ಕ ಅಂತ ನನಗೂ ಕೊಡಬೇಡ.